ಅರಮನೆಯ ಮುಂದೆ ಬೂಟು ಕಾದ ಅಮ್ಮ

ಗೋಡೆಗೆ ಕಟ್ಟಿದ ಬೆಡ್‌ಶೀಟಿನ ಮೇಲೆ ಮೈಸೂರು ಅರಮನೆ ಮೂಡಿದ ಕೂಡಲೇ ಎಲ್ಲರೂ "ಆಹಾ!" ಎಂದರು. ಎಪ್ಪತ್ತರ ದಶಕದ ಕೊನೆ. ಊರಿಗೆ ಹೋಗಿ ಬಂದವರು ಅಮೆರಿಕದ ಡಿಯರ್‌ಬಾರ್ನಿನ ಕನ್ನಡದವರನ್ನೆಲ್ಲ ಮನೆಗೆ ಕರೆದು ಸ್ಲೈಡ್ ತೋರಿಸುತ್ತಿದ್ದ ಕಾಲ. ಅವತ್ತು ನಮ್ಮ ಸರದಿ.

"ಆ ಮೂಲೇಲಿ ಕೂತಿರೋರು ಯಾರ್ರೀ?" ಗೆಳತಿಯೊಬ್ಬಳು ಕೇಳಿದಳು.

ನನ್ನಮ್ಮ. ಸುತ್ತ ನಮ್ಮೆಲ್ಲರ ಬೂಟುಗಳು. "ಇಂಥ ಒಳ್ಳೇ ಬೂಟು ಹೊರಗೆ ಬಿಟ್ಟು ಹೋಗ್ತೀರಾ? ನಾನು ಕಾಯ್ತೀನಿ, ನೀವು ನೋಡ್ಕೊಂಡು ಬನ್ನಿ. ನಾನು ನೋಡದಿರೋ ಅರಮನೆಯೇನೇ ಅದು!" ಎಂದು ಅಲ್ಲೇ ಕೂತುಬಿಟ್ಟಿದ್ದಳು. ಹುಟ್ಟಿದಾಗಿನಿಂದ ಮೈಸೂರಿನಲ್ಲೇ ಇದ್ದವಳು, ನಿಜವೇ ಇರಬೇಕು ಎಂದುಕೊಂಡು ನಾವು ಒಳಗೆ ಹೋಗಿದ್ದೆವು.

ಇದನ್ನು ನಗುತ್ತಾ ಹೇಳುತ್ತಿದ್ದಾಗ ನನ್ನ ಪುಟ್ಟ ಮಗಳು ಎಂದಿನಂತೆ ಇಂಗ್ಲಿಷಿನಲ್ಲಿ ತಡೆದಳು: "ಇಲ್ಲ ಮಮ್ಮಿ, ಅಜ್ಜಿ ಯಾವತ್ತೂ ಒಳಗೆ ಹೋಗೇ ಇಲ್ಲ. ಒಳಗೆ ಏನೇನಿದೆ ಅಂತ ಮನೆಗೆ ಬಂದ್ಮೇಲೆ ನನ್ನ ಹತ್ರ ಕೇಳಿದ್ರು. ಯಾರಿಗೂ ಹೇಳ್ಬೇಡ ಅಂದ್ರು."

ಮುಂದಿನ ಸ್ಲೈಡಿಗೆ ಕೈಹಾಕಿದ ಗಂಡನಿಗೆ "ಸ್ವಲ್ಪ ಇರಲಿ ರೀ" ಎಂದೆ.

ನಾವು ಇನ್ನೊಮ್ಮೆ ಊರಿಗೆ ಹೋಗುವಷ್ಟರಲ್ಲಿ ಅಮ್ಮ ಇರಲಿಲ್ಲ. ಈಗಲೂ ಎಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದರೂ ಒಮ್ಮೆ ಹಿಂದೆ ತಿರುಗಿ, ಹೊರಗೆ ಯಾರು ಉಳಿದರು ಎಂದು ನೋಡುತ್ತೇನೆ.