ಕೀ ಹಾಕದೆ ಕೂಗಿದ ಹಾರ್ನ್

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಹಳೆಯ ಬೈಕು ಕಗ್ಗದಾಸಪುರದ ನಮ್ಮ ಮನೆಯ ಸಂಪಿನ ಪಕ್ಕದಲ್ಲಿ ನಿಂತೇ ಇತ್ತು. ಸ್ಟ್ಯಾಂಡ್ ಮುರಿದಿದ್ದರಿಂದ ಗೋಡೆಗೆ ಒರಗಿಸಿದ್ದೆವು. ಗುಜರಿಯವನು ಬೀದಿಯಲ್ಲಿ ಬಂದಾಗಲೆಲ್ಲ ಒಮ್ಮೆ ಅದರತ್ತ ನೋಡಿ, ಆಮೇಲೆ ನನ್ನತ್ತ ನೋಡುತ್ತಿದ್ದ. ಆ ನೋಟ ತಡೆಯಲಾರದೆ ರಿಪೇರಿಗೆ ಕೈ ಹಾಕಿದೆ. ಓಡುವ ಗಾಡಿಯನ್ನು ಯಾರೂ ಗುಜರಿ ಎನ್ನುವುದಿಲ್ಲವಲ್ಲ.

ಹತ್ತಿರದ ಮೆಕ್ಯಾನಿಕ್ಕುಗಳು ಒಪ್ಪಲಿಲ್ಲ. ಮೊಬೈಲಿನಲ್ಲಿ ಹುಡುಕುತ್ತ ಹೋದಾಗ ಹಳೆಯ ಬೈಕುಗಳವರ ಒಂದು ಫೋರಂ ಸಿಕ್ಕಿತು. ಪ್ರಶ್ನೆ ಹಾಕಿದರೆ ಮುಖ ಕಾಣದ ಯಾರೋ ಉತ್ತರ ಬರೆಯುತ್ತಾರೆ. ಹೆಸರಿನ ಜಾಗದಲ್ಲಿ ನಾನು ಬೈಕಿನ ಬಣ್ಣವನ್ನಷ್ಟೇ ಕೊಟ್ಟಿದ್ದೆ. ಹೀಗಾಗಿ ಎಲ್ಲರೂ ನನ್ನನ್ನು ಗಂಡಸೆಂದೇ ತಿಳಿದರು.

"ಪ್ಲಗ್ ಬಿಚ್ಚಿ ತುದಿ ಕಾಣೋ ಹಾಗೆ ಫೋಟೋ ಹಾಕು ಮಗಾ, ಬಣ್ಣ ನೋಡಿ ಹೇಳ್ತೀನಿ," ಎಂದು ಬರೆದವರೊಬ್ಬರಿದ್ದರು. ಬಾಣಸವಾಡಿಯವರಂತೆ. ಹಳೇ ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಿಸಿದವರು ಅವರೇ. ಕಾರ್ಬ್ಯುರೇಟರಿನೊಳಗಿನ ಸೂಜಿಗಣ್ಣಿನಂಥ ತೂತನ್ನು ವೈರಿನ ಒಂದೇ ಎಳೆಯಿಂದ ಬಿಡಿಸುವುದನ್ನೂ ಹೇಳಿಕೊಟ್ಟರು. "ಪಿನ್ ಹಾಕ್ಬೇಡ, ತೂತು ದೊಡ್ಡದಾಗೋಗುತ್ತೆ." ಬೆಳಿಗ್ಗೆ ಬೈಕನ್ನು ಬಿಸಿಲಿಗೆ ತಳ್ಳಿಕೊಂಡು ಹೋಗಿ ಕೆಲಸ ಮಾಡಿ, ಮಧ್ಯಾಹ್ನ ಮತ್ತೆ ಗೋಡೆಗೆ ಒರಗಿಸುವುದು ನನ್ನ ದಿನಚರಿಯಾಯಿತು. ಬಿಚ್ಚಿದ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಇಟ್ಟು ಫೋಟೋ ಕಳಿಸಿದೆ. ಫೋರಂನಲ್ಲಿ ಬಹಳ ಮೆಚ್ಚಿಕೊಂಡರು. ಅತ್ತೆ ಮಾತ್ರ, "ನಾಳೆ ಅದ್ರಲ್ಲಿ ಬೇಯಿಸಿದ್ ಇಡ್ಲಿ ನೀನೇ ತಿನ್ನು," ಎಂದರು.

ಶಿವಾಜಿನಗರದಿಂದ ಹೊಸ ಬ್ಯಾಟರಿ ತಂದು ಕೂರಿಸಿದ ದಿನ ಸಂಜೆ ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ಹೊರಗೆ ಹಾರ್ನ್ ಕೂಗಿತು. ಒಂದೇ ಸಲ, ಚಿಕ್ಕದಾಗಿ. ದೊಡ್ಡನೆಕ್ಕುಂದಿಯ ಕಾರ್ಖಾನೆಯಿಂದ ಬಂದು ಗೇಟಿನ ಮುಂದೆ ನಿಂತು ಯಜಮಾನರು ಕೂಗಿಸುತ್ತಿದ್ದುದೂ ಹಾಗೆಯೇ. ಕಡ್ಡಿ ಬೆರಳು ಸುಡುವವರೆಗೂ ಹಿಡಿದೇ ಇದ್ದೆ.

ಹೊರಗೆ ಬಂದು ನೋಡಿದರೆ ಬೈಕಿನ ಬಳಿ ಯಾರೂ ಇಲ್ಲ. ಕೀ ಒಳಗೆ ಮೊಳೆಯಲ್ಲಿ ತೂಗುತ್ತಿದೆ. ಅತ್ತೆ ಮಾತ್ರ ಗೋಡೆ ಹಿಡಿದುಕೊಂಡು ಗೇಟಿನವರೆಗೆ ಹೋಗಿ, ಚಿಲಕ ತೆಗೆದು, ಖಾಲಿ ಬೀದಿಯನ್ನು ನೋಡುತ್ತ ನಿಂತಿದ್ದರು.

ಆಮೇಲೆ ಗೇಟು ಮುಚ್ಚಿ ತಮ್ಮ ಕೋಣೆಗೆ ಹೋದರು. ಮರುದಿನ ಸಂಜೆಯೂ ಕೂಗಿತು, ಅದರ ಮರುದಿನವೂ. ಅತ್ತೆ ಗೇಟು ತೆಗೆಯುವರು. ಒಬ್ಬ ಮನುಷ್ಯ ಬೈಕು ತಳ್ಳಿಕೊಂಡು ಒಳಗೆ ಬರಲು ಬೇಕಾಗುವಷ್ಟು ಹೊತ್ತು ಸರಿದು ನಿಂತು, ಮುಚ್ಚಿಕೊಂಡು ಬರುವರು. ಬೆಳಕು ಇಳಿಯತೊಡಗಿದರೆ ನನ್ನ ಕುತ್ತಿಗೆಯ ಹಿಂದೆ ತಣ್ಣಗಾಗುತ್ತಿತ್ತು. ಕೂಗುತ್ತದೆ ಎಂಬ ಭಯವೋ, ಇವತ್ತು ಕೂಗದೇ ಹೋದರೆ ಎಂಬ ಭಯವೋ ನನಗೇ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಅತ್ತೆ ಆತುರದಲ್ಲಿ ಎಡವಿ ಬಿದ್ದು ಮೊಣಕೈ ತರಚಿಕೊಂಡರು. ಇನ್ನು ಸುಮ್ಮನಿರಬಾರದೆಂದು ಫೋರಂನಲ್ಲಿ ಬರೆದೆ: "ಇದು ನಮ್ಮ ಯಜಮಾನರ ಬೈಕು. ಅವರು ಈಗಿಲ್ಲ. ದಿನಾ ಸಂಜೆ ಕೀ ಹಾಕದೆ ಹಾರ್ನ್ ಕೂಗುತ್ತದೆ."

ಆಮೇಲೆ ಬಾಣಸವಾಡಿಯವರು ಬರೆದರು: "ಅಯ್ಯೋ, ಕ್ಷಮಿಸಿ ಅಕ್ಕಾ. ಇಷ್ಟು ದಿನ ಮಗಾ ಮಗಾ ಅಂತಿದ್ದೆ."

"ಪರ್ವಾಗಿಲ್ಲ. ನಮ್ಮತ್ತೆಗಿಂತ ಮರ್ಯಾದೆಯಾಗೇ ಮಾತಾಡ್ಸಿದೀರ," ಎಂದೆ.

ಶಾಂತಿ ಮಾಡಿಸಿ ಎಂದು ಬೇರೆ ಯಾರೋ ನಡುವೆ ಬರೆದರು. ಬಾಣಸವಾಡಿಯವರು ವೈರಿನ ವಿಷಯಕ್ಕೆ ಬಂದರು. ಹಿಂದೆ ಯಾರೋ ಹಾರ್ನಿಗೆ ಬ್ಯಾಟರಿಯಿಂದ ನೇರವಾಗಿ ವೈರು ಎಳೆದಿರಬೇಕು, ಅದಕ್ಕೇ ಕೀ ಬೇಕಾಗಿಲ್ಲ. ಹ್ಯಾಂಡಲ್ಲಿನ ಬುಡದಲ್ಲಿ ಹಾರ್ನ್ ಬಟನ್ನಿನ ವೈರಿನ ಸಿಪ್ಪೆ ಸವೆದು ಕಬ್ಬಿಣಕ್ಕೆ ತಾಗುತ್ತಿದೆ. "ಆದ್ರೆ ತಾಗ್ಬೇಕು ಅಂದ್ರೆ ಏನಾದ್ರೂ ಅಲುಗಾಡ್ಬೇಕಲ್ವಾ? ಆ ಹೊತ್ತಲ್ಲಿ ಅಕ್ಕಪಕ್ಕ ಏನು ಓಡ್ತಿರುತ್ತೆ, ಸ್ವಲ್ಪ ನೋಡಿ ಅಕ್ಕಾ."

ಅದನ್ನೇ ಯೋಚಿಸುತ್ತಿರುವಾಗ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಇಳಿದು ಬಂದಳು. "ಆಂಟಿ, ದಿನಾ ಸಂಜೆ ಟ್ಯಾಂಕ್ ಓವರ್‌ಫ್ಲೋ ಆಗಿ ನಮ್ ಬಟ್ಟೆ ಎಲ್ಲಾ ಒದ್ದೆ. ಬೆಳಿಗ್ಗೆನೇ ತುಂಬ್ಸಿರ್ತೀರಲ್ಲ, ಮತ್ಯಾಕೆ ಮೋಟರ್ ಹಾಕ್ತೀರಾ?"

ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಜನ ನಾವು. ಅಕ್ಕಿ ತೊಳೆದ ನೀರನ್ನೂ ಗಿಡಕ್ಕೆ ಹಾಕುವವರು ಅತ್ತೆ. ಮೋಟರಿನ ಸ್ವಿಚ್ ಇರುವುದು ಅವರ ಕೋಣೆಯ ಬಾಗಿಲ ಪಕ್ಕ; ಹಾಕುವುದೂ ಆರಿಸುವುದೂ ಅವರೇ. ಆ ಸದ್ದು ಎಷ್ಟು ರೂಢಿಯೆಂದರೆ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಬೈಕನ್ನು ಎಂದಿನಂತೆ ಒರಗಿಸಿದೆ. ಹ್ಯಾಂಡಲ್ಲಿನ ತುದಿ ಗೋಡೆಯ ನೀರಿನ ಪೈಪಿಗೆ ತಾಗಿತ್ತು. ಒಳಗೆ ಹೋಗಿ ಸ್ವಿಚ್ ಹಾಕಿದೆ. ಪೈಪು ಒಮ್ಮೆ ಅದುರಿತು, ಹಾರ್ನ್ ಕೂಗಿತು. ಹಾಡಹಗಲು, ಕಾರಣ ಗೊತ್ತಿದ್ದೂ ಮೈ ಜುಮ್ಮೆಂದಿತು.

"ಸಿಕ್ತಾ?" ಎಂದರು ಅತ್ತೆ, ಮಂಚದ ಮೇಲಿಂದ.

"ನಿಮಗೆ ಗೊತ್ತಿತ್ತಾ ಅತ್ತೆ?"

"ಮೊದಲ್ನೇ ದಿನ ಗೊತ್ತಿರ್ಲಿಲ್ಲ. ಬೆಳಿಗ್ಗೆ ಕರೆಂಟ್ ಇರ್ಲಿಲ್ಲ ಅಂತ ಸಂಜೆ ಹಾಕ್ದೆ, ಕೂಗ್ತು. ಅವತ್ತು ಅವ್ನೇ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು."

"ಗೊತ್ತಾದ್ಮೇಲೂ ಗೇಟ್ ತೆಗೀತಿದ್ರಲ್ಲ."

"ಕೂಗಿದ್ಮೇಲೆ ತೆಗೀಬೇಕಲ್ವೇನೆ," ಎಂದರು, ನಾನೇ ದಡ್ಡಿ ಎಂಬಂತೆ. ಆಮೇಲೆ, "ಸರಿ ಮಾಡ್ಬಿಡ್ತೀಯಾ?"

"ಒಂದು ಸುತ್ತು ಟೇಪ್ ಸಾಕಂತೆ."

ಅತ್ತೆ ಮೊಣಕೈಯ ಗಾಯವನ್ನು ಸವರಿಕೊಂಡರು. "ಮಾಡು. ನೀರು ಪೋಲಾಗ್ತಿದೆ."

ಫೋರಂನಲ್ಲೊಂದು ಪದ್ಧತಿಯಿದೆ. ತೊಂದರೆ ಬಗೆಹರಿದರೆ ಸರಿಪಡಿಸಿದ ಜಾಗದ ಫೋಟೋ ಹಾಕಿ, ಬಗೆಹರಿಯಿತೆಂದು ಬರೆಯಬೇಕು. ಮುಂದೆ ಅದೇ ಕಷ್ಟದಲ್ಲಿ ಬರುವವರಿಗಾಗಿ. ಹೆಡ್‌ಲೈಟ್ ಬಿಚ್ಚಿದೆ. ಸವೆದ ಜಾಗದಲ್ಲಿ ತಾಮ್ರ ಹೊಳೆಯುತ್ತಿತ್ತು. ಟೇಪು ಕತ್ತರಿಸಿ ಬೆರಳಿಗೆ ಅಂಟಿಸಿಕೊಂಡು ಬಹಳ ಹೊತ್ತು ಕೂತಿದ್ದು, ಕೊನೆಗೆ ಅದನ್ನು ಮತ್ತೆ ಸುರುಳಿಗೇ ಅಂಟಿಸಿ ಹೆಡ್‌ಲೈಟ್ ಮುಚ್ಚಿದೆ. ಬಾಣಸವಾಡಿಯವರು ಈಗಲೂ ಆಗಾಗ ಕೇಳುತ್ತಾರೆ, "ಅಕ್ಕಾ, ಆಯ್ತಾ?" ಎಂಜಿನ್ ಚೆನ್ನಾಗಿ ಓಡುತ್ತಿದೆ ಎಂದಷ್ಟೇ ಬರೆಯುತ್ತೇನೆ.

ಅತ್ತೆ ಅವತ್ತಿನಿಂದ ಸಂಜೆ ಸ್ವಿಚ್ ಮುಟ್ಟಿಲ್ಲ. ದೀಪದ ಹೊತ್ತಿಗೆ ಬಾಗಿಲಿಗೆ ಬೆನ್ನು ಮಾಡಿ ಕೂತು ಹೂ ಕಟ್ಟುತ್ತಾರೆ. ನಿನ್ನೆ ಟ್ಯಾಂಕ್ ತುಂಬಿತ್ತು. ನಾನೇ ಹತ್ತಿ ನೋಡಿ ಬಂದಿದ್ದೆ. ದೀಪ ಹಚ್ಚಿಟ್ಟು, ಅವರ ಕೋಣೆಯ ಬಾಗಿಲಿಗೆ ಹೋಗಿ ಸ್ವಿಚ್ ಹಾಕಿದೆ.

ಕೂಗಿತು. ಅತ್ತೆ ತಿರುಗಿ ನನ್ನನ್ನು ನೋಡಿದರು. ಏಳಲಿಲ್ಲ.

"ನಿಂತ್ಕೊಂಡೇ ಇದೀಯಲ್ಲ," ಎಂದರು. "ಹೋಗು, ತೆಗಿ."