ಗೆರೆ ಇಲ್ಲದ ಹೆಸರು

ನನ್ನ ಲಗ್ನಪತ್ರಿಕೆಯನ್ನು ಬರೆದುಕೊಟ್ಟವಳು ನಾನೇ. ಮನೆಯಲ್ಲಿ ಅಕ್ಷರ ದುಂಡಗಿದ್ದದ್ದು ನನ್ನದೊಂದೇ. ಎಂಬತ್ತರ ದಶಕ, ಆಳಂದದ ಪ್ರೆಸ್ಸಿನವರು ಇನ್ನೂ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ಅವರ ನಿಯಮ ಸರಳ. ಬರೆದುಕೊಟ್ಟ ಹಾಳೆಯಲ್ಲಿ ಹೆಸರಿನ ಕೆಳಗೆ ಒಂದು ಗೆರೆ ಇದ್ದರೆ ದಪ್ಪಕ್ಷರ, ಎರಡಿದ್ದರೆ ಇನ್ನೂ ದೊಡ್ಡದು, ಆಚೀಚೆ ಚುಕ್ಕಿ ಇಟ್ಟರೆ ಹೂವು. ಗೆರೆ ಇಲ್ಲದ್ದಕ್ಕೆ ಸಣ್ಣ ಮೊಳೆ. “ನಾ ನನ್ನ ಮನಸ್ಸಿನಿಂದ ಏನೂ ಹಾಕಂಗಿಲ್ಲರಿ. ಒಮ್ಮೆ ಹಾಕಿ ಬೀಗರ ಕಡಿಂದ ಬೈಸ್ಕೊಂಡೀನಿ” ಎಂದು ಅಪ್ಪನಿಗೆ ಮೊದಲೇ ಹೇಳಿದ್ದರು.

ಈ ನಿಯಮ ಮನೆಮಂದಿಗೆ ತಿಳಿದದ್ದೇ ತಪ್ಪಾಯಿತು. ಅಪ್ಪ ಅಳಿಯನ ಹೆಸರಿಗೆ ಎರಡು ಗೆರೆ ಎಳೆದರು, ಅದು ನ್ಯಾಯವೇ. ಸೋದರಮಾವ “ನನ್ನ ಹೆಸರು ಸಣ್ಣದಾದ್ರ ಮದಿವಿಗಿ ಬರಂಗಿಲ್ಲ ನೋಡು” ಎಂದು ತನ್ನದಕ್ಕೂ ಎರಡು ಎಳೆದು, ಹೂವನ್ನೂ ಇಟ್ಟುಕೊಂಡ. ಕಿಣ್ಣಿ ಸುಲ್ತಾನ ಊರಿನ ಕಾಕಾ ಸುಮ್ಮನಿರುವ ಗಿರಾಕಿಯೇ? ಮೂರು ಎಳೆದ. ಮೂರಕ್ಕೆ ಪ್ರೆಸ್ಸಿನಲ್ಲಿ ಮೊಳೆಯೇ ಇಲ್ಲವೆಂದರೂ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಹಾಳೆ ಕುಂಟೆ ಹೊಡೆದ ಹೊಲದಂತಾಗಿತ್ತು.

ಉಳಿದದ್ದು ನನ್ನ ಹೆಸರು. ಬಾಳಿನಲ್ಲಿ ಒಮ್ಮೆಯಾದರೂ ಅದನ್ನು ದೊಡ್ಡ ಅಕ್ಷರದಲ್ಲಿ ನೋಡಬೇಕೆಂಬ ಆಸೆ ನನಗೆ ಬಹಳವಿತ್ತು. ಪೆನ್ನು ಎತ್ತಿದೆ. ಅವ್ವ ಕಂಡಳು. “ಮದುಮಗಳು ತನ್ನ ಹೆಸರಿಗಿ ತಾನ ಗೆರಿ ಎಳಕೋತಾಳೇನಬೇ? ಮಂದಿ ನಗ್ತಾರ.” ಪೆನ್ನು ಕೆಳಗಿಟ್ಟೆ. ಬೇರೆ ಯಾರಾದರೂ ಎಳೆದಾರೆಂದು ಕಾದೆ. ಎಲ್ಲರಿಗೂ ಅವರವರ ಹೆಸರಿನದೇ ಚಿಂತೆ.

ಪತ್ರಿಕೆ ಅಚ್ಚಾಗಿ ಬಂತು. ಸೋದರಮಾವ ಹೂವಿನ ನಡುವೆ ದೇವರಂತೆ ಕೂತಿದ್ದ. ನಾನು ಪ್ರೆಸ್ಸಿನ ಹೆಸರಿಗಿಂತ ಸಣ್ಣಗಿದ್ದೆ. ಸಿಟ್ಟಿಗೆ ಊಟ ಬಿಟ್ಟು ಅತ್ತೆ. ತವರು ಬಿಡುವ ದುಃಖವೆಂದು ಎಲ್ಲರೂ ಸಮಾಧಾನ ಮಾಡಿದರು, ಸೋದರಮಾವ ಎಲ್ಲರಿಗಿಂತ ಹೆಚ್ಚು.

ಎರಡೂ ಮನೆಗೆ ಅದೇ ಪತ್ರಿಕೆ. ಮದುವೆಯಾಗಿ ಅಫಜಲಪುರದ ಗಂಡನ ಮನೆಗೆ ಹೋದ ಮೇಲೆ, ಹಂಚಿ ಉಳಿದ ಒಂದಿಷ್ಟು ಪತ್ರಿಕೆಗಳು ಗೋಡೆಯ ಗೂಡಿನಲ್ಲಿ ಸಿಕ್ಕವು. ಹಂಚುವ ಮುನ್ನ ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದು ರೂಢಿ. ಇವುಗಳಲ್ಲಿ ನನ್ನ ಹೆಸರಿನ ಕೆಳಗೂ ಅರಿಶಿನದ ಬೆರಳು ಎರಡು ಸಲ ಓಡಿತ್ತು. ಒಂದೊಂದೇ ತೆರೆದು ನೋಡಿದೆ; ಎಲ್ಲದರಲ್ಲೂ ಇತ್ತು. ಅರಿಶಿನ ಹಚ್ಚಿದ ಅತ್ತೆಗೆ ಪ್ರೆಸ್ಸಿನ ನಿಯಮವನ್ನು ಯಾರೂ ಹೇಳಿರಲಿಲ್ಲ. ಇದೇನೆಂದು ಕೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದರು, ತಲೆ ಎತ್ತಲಿಲ್ಲ.

“ಮತ್ತೇನಬೇ, ಓದಿದ ಮಂದಿ ಮದಿವಿ ನಿಮ್ಮ ಸೋದರಮಾವಂದು ಅಂತ ತಿಳ್ಕೊಂಡಿದ್ರ?”