ತಮ್ಮಲೆಯ ವಾಚು, ಬಾಯಮ್ಮನ ಕುಕ್ಕರು

ಆಗದ ಮಾತು ಎಂದವರು ನನ್ನ ತಮ್ಮಲೆ. ನಮ್ಮ ತುಳುವರ ಮನೆಗಳಲ್ಲಿ ತಾಯಿಯ ಅಣ್ಣನನ್ನು ಹಾಗೆ ಕರೆಯುವುದು. ಮನೆಯ ಯಜಮಾನಿಕೆಯೂ ಅವರದೇ. ನಾನು ಬಿ.ಎ. ಸೇರುತ್ತೇನೆ ಎಂದ ಬೆಳಿಗ್ಗೆ ಅವರು ಅಂಗಳದಲ್ಲಿ ನಿಂತು ಹಾಗೆ ಹೇಳಿದಾಗ, ಪಕ್ಕದ ಮನೆಯ ಮುರಕಲ್ಲಿನ ಕಂಪೌಂಡ್ ಗೋಡೆಯ ಮೇಲೆ ಎರಡು ಮೊಣಕೈಗಳಿದ್ದವು. ಎರಡಕ್ಕೂ ಮೈದಾ ಹಿಟ್ಟು ಮೆತ್ತಿತ್ತು. ಬಲಗೈಯದ್ದು ಬೆವರಿಗೆ ಕಲಸಿ, ಒಣಗಿ, ಹಳೆಯ ಸುಣ್ಣದ ಗೋಡೆಯ ಹಾಗೆ ಬಿರುಕು ಬಿಟ್ಟಿತ್ತು. ಬಾಯಮ್ಮನನ್ನು ನೆನೆದಾಗಲೆಲ್ಲ ಆ ಮೊಣಕೈಗಳೇ ಮೊದಲು ಕಣ್ಣಿಗೆ ಬರುತ್ತವೆ.

ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಮರ್ಯಾದೆಗೆ ಬಾಯಮ್ಮ ಎನ್ನುತ್ತಾರೆ. ಮಣ್ಣಗುಡ್ಡದ ನಮ್ಮ ಓಣಿಯಲ್ಲಿ ಅಂಥವರು ಐದಾರು ಮಂದಿ ಇದ್ದರು. ಆದರೆ ಬರೀ ಬಾಯಮ್ಮ ಎಂದರೆ ಇವರೇ. ಹಂಚಿನ ಕಾರ್ಖಾನೆಯಲ್ಲಿ ರೈಟರ್ ಆಗಿದ್ದ ಗಂಡ ಬೇಗ ತೀರಿಹೋಗಿದ್ದರು. ಇವರು ದೊಡ್ಡ ಪಾತ್ರೆಗೆ ಮರಳು ತುಂಬಿಸಿ, ಮುಚ್ಚಳದ ಮೇಲೆ ಕೆಂಡ ಹರಡಿ, ಮದುವೆಗಳಿಗೆ ಕೇಕು ಮಾಡಿಕೊಡುತ್ತಿದ್ದರು. ಯಾರಾದರೂ ಸಿಟ್ಟು ಹೊತ್ತು ಬಂದರೆ, "ಮೊದಲು ಕೂತುಕೊಳ್ಳಿ, ಮತ್ತೆ ಜಗಳ ಮಾಡುವ" ಎನ್ನುವರು. ಕೂತವರ ಮುಂದೆ ಬೆಳ್ಳುಳ್ಳಿಯ ಬುಟ್ಟಿ ಬರುತ್ತಿತ್ತು. ಸುಲಿದು ಮುಗಿಯುವಷ್ಟರಲ್ಲಿ ಬಂದವರಿಗೆ ಜಗಳದ ಅರ್ಧ ಮರೆತುಹೋಗಿರುತ್ತಿತ್ತು.

ಅವತ್ತು ಗೋಡೆಯಾಚೆಯಿಂದ ಅವರು ಕೇಳಿದರು, "ಯಾಕೆ ಆಗುವುದಿಲ್ಲ?"

"ನೀವು ನಿಮ್ಮ ಕೇಕು ನೋಡಿ ಮಾರಾಯ್ರೆ," ಎಂದರು ತಮ್ಮಲೆ. "ಇವಳ ತಾಯಿಗೆ ಉಬ್ಬಸ. ಈ ವರ್ಷ ಹೊಗೆಯ ಹತ್ತಿರ ಕೂರಲಿಕ್ಕೇ ಆಗುವುದಿಲ್ಲ. ಕುಚ್ಚಲಕ್ಕಿ ಬೇಯಲಿಕ್ಕೆ ಎರಡು ಗಂಟೆ. ಇವಳು ಕಾಲೇಜಿಗೆ ಹೋದರೆ ಒಲೆ ಊದಲಿಕ್ಕೆ ನೀವು ಬರ್ತೀರಾ?"

"ಅನ್ನದ್ದು ಮಾತ್ರವಾ ತೊಂದರೆ?"

"ಬೇರೆ ಎಂತ ಉಂಟು? ಓದುವವಳಿಗೆ ನಾನು ಅಡ್ಡ ನಿಂತವನಾ? ಪಿಯುಸಿ ಓದಿಸಲಿಲ್ವಾ?"

"ಅನ್ನದ್ದು ಮಾತ್ರ ಅಂತ ನೀವೇ ಹೇಳಿದ್ದು. ನೆನಪಿರಲಿ," ಎಂದು ಬಾಯಮ್ಮ ಗೋಡೆಯಿಂದ ಕೈ ತೆಗೆದರು.

ತಮ್ಮಲೆ ಸುಳ್ಳು ಹೇಳಿರಲಿಲ್ಲ. ಬಂದರಿನ ಮರದ ಡಿಪೋಗೆ ಹೋಗುವ ಮೊದಲು ಅವರಿಗೆ ಬಿಸಿ ಗಂಜಿ ಬೇಕು. ಆ ಬೇಸಿಗೆಯಿಂದ ಊದುಕೊಳವೆ ನನ್ನ ಕೈಗೆ ಬಂದಿತ್ತು. ಕಣ್ಣು ಉರಿಸಿಕೊಂಡು ಒಲೆಯ ಮುಂದೆ ಕೂತವಳಿಗೆ ಹತ್ತು ಗಂಟೆಯ ಕ್ಲಾಸು ಹೇಗೆ ಸಿಗಬೇಕು?

ಅದೇ ಸಮಯಕ್ಕೆ ಹಂಪನಕಟ್ಟೆಯ ಪಾತ್ರೆ ಅಂಗಡಿಯೊಂದಕ್ಕೆ ಪ್ರೆಶರ್ ಕುಕ್ಕರ್ ಬಂದಿತ್ತು. ಬಂದದ್ದು ಬಂದ ಹಾಗೆಯೇ ಕಪಾಟಿನಲ್ಲಿ ಕೂತಿತ್ತು. ಅದು ಒಡೆದು ಹಂಚಿನ ಮಾಡು ಹಾರಿಹೋಗುತ್ತದೆ ಎಂದು ಎಲ್ಲರಿಗೂ ಹೆದರಿಕೆ. ಮನೆಗೆ ನಾಲ್ಕು ಹೆಂಗಸರನ್ನು ಕರೆದು, ಎದುರಿಗೇ ಬೇಯಿಸಿ ತೋರಿಸಿ ಎಂದು ಅಂಗಡಿಯವರು ಬಾಯಮ್ಮನನ್ನು ಕೇಳಿಕೊಂಡರು. ಅಂಥ ಪಾರ್ಟಿ ನಮ್ಮ ಓಣಿಗೆ ಮೊದಲು, ಅವರಿಗೂ ಮೊದಲು. ಕುಕ್ಕರಿನ ಜೊತೆ ಬಂದ ಇಂಗ್ಲಿಷ್ ಕಾಗದದಲ್ಲಿ ತರಕಾರಿ ಪುಲಾವು, ಸೂಪು, ಕಸ್ಟರ್ಡು ಎಂದಿತ್ತು. ಬಾಯಮ್ಮ ಅದನ್ನು ಒಮ್ಮೆ ಓದಿ ಕೇಕಿನ ಡಬ್ಬಿಯ ಅಡಿಗೆ ಸೇರಿಸಿದರು.

"ಗಂಜಿ ಮಾಡುವ, ಮಗಾ. ಗಂಜಿ ಮತ್ತೆ ಮಾವಿನಕಾಯಿ ಚಟ್ನಿ," ಎಂದರು ನನಗೆ.

ಅಂಗಡಿಯವರು ಇದನ್ನು ಕೇಳಿ ಓಣಿಯವರೆಗೆ ಬಂದರು. "ಪಾರ್ಟಿಗೆ ಕರೆದು ಗಂಜಿ ಹಾಕ್ತೀರಾ ಬಾಯಮ್ಮ? ನಮ್ಮ ಮರ್ಯಾದೆ ಎಂತ ಆಗಬೇಕು?"

"ಪುಲಾವು ಇವರು ವರ್ಷಕ್ಕೊಮ್ಮೆ ಮಾಡ್ತಾರೆ. ವರ್ಷಕ್ಕೊಮ್ಮೆಗೆ ಯಾರು ಕುಕ್ಕರ್ ತೆಗೊಳ್ತಾರೆ ಹೇಳಿ. ದಿನಾ ಇವರನ್ನು ಅಳಿಸುವುದು ಈ ಕುಚ್ಚಲಕ್ಕಿ. ಅದು ಬೆಂದರೆ ನಿಮ್ಮ ಕುಕ್ಕರ್ ಬೆಂದ ಹಾಗೆ," ಎಂದರು. ಆಮೇಲೆ ನನ್ನ ಕಡೆ ನೋಡಿ, "ಇನ್ನೊಂದು ಕೆಲಸವೂ ಉಂಟು ಅದಕ್ಕೆ" ಎಂದರು. ಅಂಗಡಿಯವರಿಗೆ ಅದು ಅರ್ಥವಾಗಲಿಲ್ಲ.

ಕರೆಯುವುದರಲ್ಲಿ ಅವರ ಜಾಣತನ ಕಂಡೆ. ಎದುರುಮನೆಯ ಭಟ್ಟರ ಹೆಂಡತಿ ಬಾಯಮ್ಮನ ಮನೆಯಲ್ಲಿ ನೀರು ಸಹ ಮುಟ್ಟುವವರಲ್ಲ. ಅವರಲ್ಲಿಗೆ ಹೋಗಿ, "ಅಮ್ಮ, ಅಕ್ಕಿ ನಿಮ್ಮ ಮನೆಯದ್ದು ಕೊಡಿ, ನೀರು ನಿಮ್ಮ ಬಾವಿಯದ್ದು. ಪಾತ್ರೆ ಇನ್ನೂ ಯಾರೂ ಮುಟ್ಟದ್ದು. ನೀವು ಬಂದು ನೋಡಿದರೆ ಸಾಕು" ಎಂದರು. ಅಕ್ಕಿಯನ್ನೂ ಕೊಡಪಾನ ನೀರನ್ನೂ ಭಟ್ಟರ ಮನೆಯ ಕೆಲಸದವಳೇ ತಂದಿಟ್ಟಳು. ಆಮೇಲೆ ಬಾಯಮ್ಮ ನಮ್ಮ ಮನೆಗೆ ಬಂದು ತಮ್ಮಲೆಯನ್ನೂ ಕರೆದರು.

"ಹೆಂಗಸರ ನಡುವೆ ನಾನು ಎಂತ ಮಾಡುವುದು?"

"ನನ್ನ ಗೋಡೆ ಗಡಿಯಾರ ನನ್ನ ಹಾಗೆ, ಕೂತಲ್ಲಿ ಕೂತುಬಿಡ್ತದೆ. ಈ ಓಣಿಯಲ್ಲಿ ಸರಿಯಾಗಿ ಓಡುವ ವಾಚು ನಿಮ್ಮದೊಂದೇ. ಟೈಮ್ ಹಿಡಿಯಲಿಕ್ಕೆ ಜನ ಬೇಕು."

ತಮ್ಮಲೆ ದಿನವೂ ಕಾರ್ಖಾನೆಯ ಸೈರನ್ನಿಗೆ ವಾಚು ಸರಿಮಾಡಿಕೊಳ್ಳುವವರು. ಅದರ ಬಗ್ಗೆ ಯಾರಾದರೂ ಒಳ್ಳೆಯ ಮಾತು ಹೇಳಿದರೆ ಕರಗುತ್ತಿದ್ದರು. ಆ ಭಾನುವಾರ ಸಂಜೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು, ಸೀಮೆಎಣ್ಣೆ ಸ್ಟವ್ವಿನ ಎದುರಿನ ಕುರ್ಚಿಯಲ್ಲಿ ಮಣಿಕಟ್ಟನ್ನು ಮುಂದೆ ಚಾಚಿ ಕೂತರು.

ಎಂಟು ಮಂದಿ ಹೆಂಗಸರು ಬಂದರು. ಯಾರನ್ನೂ ಬಾಯಮ್ಮ ಸುಮ್ಮನೆ ಕೂರಿಸಲಿಲ್ಲ. ಒಬ್ಬರಿಗೆ ತೆಂಗಿನಕಾಯಿ ತುರಿಯುವುದು, ಇಬ್ಬರಿಗೆ ಮಾವಿನಕಾಯಿ, ಅರೆಯುವ ಕಲ್ಲಿಗೆ ಒಬ್ಬರು. "ಕೈ ಖಾಲಿ ಇದ್ದರೆ ನನ್ನ ಗೋಡೆಯ ಸುಣ್ಣ ನೋಡ್ತಾರೆ, ನನ್ನ ಸೀರೆ ನೋಡ್ತಾರೆ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ತಪ್ಪಾದದ್ದು ನೀರಿನಲ್ಲಿ. ಕುಚ್ಚಲಕ್ಕಿ ಎಂದರೆ ಮಡಕೆಯ ಕುತ್ತಿಗೆಯ ತನಕ ನೀರು ಎಂದು ನಾವೆಲ್ಲ ಕಲಿತದ್ದು. ಬೆಂದ ಮೇಲೆ ತೆಳಿ, ಎಂದರೆ ಗಂಜಿನೀರು, ಬಸಿಯಬೇಕಲ್ಲ. ಬಾಯಮ್ಮ ಕುಕ್ಕರಿಗೂ ಹಾಗೆಯೇ ಸುರಿದರು. "ಇನ್ನೂ ಸ್ವಲ್ಪ ಹಾಕಿ ಬಾಯಮ್ಮ, ತೆಳಿ ಬೇಡವಾ?" ಎಂದು ಚಟ್ನಿಯವರೂ ಸೇರಿಸಿದರು. ಅರ್ಧಕ್ಕಿಂತ ಹೆಚ್ಚು ತುಂಬಿಸಬಾರದು ಎಂದ ಕಾಗದ ಕೇಕಿನ ಡಬ್ಬಿಯ ಅಡಿಯಲ್ಲೇ ಇತ್ತು.

"ಹನ್ನೊಂದು ನಿಮಿಷ," ಎಂದರು ತಮ್ಮಲೆ. ಅಷ್ಟರಲ್ಲಿ ಮುಚ್ಚಳದ ಮೇಲಿನ ಗುಂಡು ನಡುಗಿ, ಬುಡದಿಂದ ಕೆಂಪು ನೊರೆ ಪಿಚಕಾರಿಯ ಹಾಗೆ ಹಾರಿತು. ಮಾಡಿನ ಅಡ್ಡೆ, ಪಕ್ಕಾಸು, ಗೋಡೆ, ಎಲ್ಲ ಗಂಜಿನೀರು. ಭಟ್ಟರ ಹೆಂಡತಿ ಸೆರಗು ಎತ್ತಿಕೊಂಡು ಹೊಸ್ತಿಲಾಚೆ ಹಾರಿದರು. ತಮ್ಮಲೆಯ ಬಿಳಿ ಅಂಗಿಯ ಮೇಲೆ ಅಂಗೈಯಗಲದ ಕಲೆ.

ಅವರು ಎದ್ದರು. "ಆಯ್ತಲ್ಲ ಬಾಯಮ್ಮ. ನಾನು ಹೊರಟೆ."

ಗೋಡೆಯಿಂದ ಇಳಿಯುವ ಆ ನೀರಿನ ಜೊತೆ ನನ್ನ ಬಿ.ಎ. ಕೂಡ ಇಳಿದುಹೋಗುವುದನ್ನು ನಾನು ನೋಡುತ್ತ ನಿಂತೆ. ಬಾಯಮ್ಮ ಸ್ಟವ್ ಆರಿಸಿದರು. ಕೈ ಒರೆಸಿಕೊಂಡರು. ದನಿ ಒಂದಿಷ್ಟೂ ಏರಲಿಲ್ಲ.

"ಮೊದಲು ಕೂತುಕೊಳ್ಳಿ, ಮತ್ತೆ ಜಗಳ ಮಾಡುವ. ತಪ್ಪು ಕುಕ್ಕರಿನದ್ದಲ್ಲ, ನನ್ನದು. ಮಡಕೆಯ ನೀರು ಇದಕ್ಕೆ ಹೊಯ್ದೆ. ತೆಳಿ ಬೇಕಾದರೆ ಬೆಂದ ಮೇಲೆ ಬಿಸಿನೀರು ಸೇರಿಸಿ ಬಸಿದರೆ ಆಯ್ತು." ಆಮೇಲೆ ಹೊಸ್ತಿಲಿನ ಕಡೆ ತಿರುಗಿದರು. "ಅಮ್ಮ, ಈ ಸಲ ಅಳತೆ ನಿಮ್ಮದು. ಅಕ್ಕಿ ನಿಮ್ಮದೇ, ನೀರು ನಿಮ್ಮದೇ, ಕಡ್ಡಿ ಗೀಚುವ ಕೈಯೂ ನಿಮ್ಮದೇ ಆಗಲಿ. ನಾನು ಮುಟ್ಟುವುದಿಲ್ಲ, ದೂರ ನಿಂತು ಹೇಳ್ತೇನೆ."

ಭಟ್ಟರ ಹೆಂಡತಿ ನಮ್ಮನ್ನೆಲ್ಲ ಒಮ್ಮೆ ನೋಡಿ ಒಳಗೆ ಬಂದರು. ಕುಕ್ಕರ್ ತೊಳೆದು, ಅಕ್ಕಿ ತೊಳೆದು, ಅರ್ಧದಷ್ಟೇ ತುಂಬಿಸಿ ಮುಚ್ಚಳ ಹಾಕಿದರು. ತಮ್ಮಲೆ ಇನ್ನೂ ನಿಂತೇ ಇದ್ದರು. ಕಡ್ಡಿ ಗೀಚಿದ ಸದ್ದಿಗೆ ಅವರ ಕಣ್ಣು ತಾನಾಗಿ ವಾಚಿಗೆ ಹೋಯಿತು. ಆಮೇಲೆ ಕೂರಲೇಬೇಕಾಯಿತು.

ಕಾಯುವ ಹೊತ್ತನ್ನು ಬಾಯಮ್ಮ ಖಾಲಿ ಬಿಡಲಿಲ್ಲ. ಯಾರ ಮನೆಯ ಒಲೆ ಹೆಚ್ಚು ಕಾಡುತ್ತದೆ ಎಂದು ಕೇಳಿಬಿಟ್ಟರು. ಹಸಿ ಸೌದೆ, ಹೊಗೆ, ಮಳೆಗಾಲ, ಅತ್ತೆ, ಎಲ್ಲ ಬಂತು. ಒಬ್ಬರ ಕಷ್ಟಕ್ಕಿಂತ ಇನ್ನೊಬ್ಬರದ್ದು ದೊಡ್ಡದು. ಮೂಲೆಯಲ್ಲಿ ಕೂತಿದ್ದ ನನ್ನ ಅಮ್ಮನೂ, "ನನಗೆ ರಾತ್ರಿ ಉಸಿರು ಸಿಕ್ಕದೆ ಎದ್ದು ಕೂರುವುದು ಅಣ್ಣನಿಗೆ ಗೊತ್ತೇ ಇಲ್ಲ" ಎಂದರು. ಅದನ್ನು ಅಮ್ಮ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತಮ್ಮಲೆ ವಾಚಿನಿಂದ ತಲೆ ಎತ್ತಲಿಲ್ಲ.

ಸೀಟಿ ಬಂತು. ಯಾರೂ ಓಡಲಿಲ್ಲ. ಉರಿ ಸಣ್ಣ ಮಾಡಿ, ಆಮೇಲೆ ಇಳಿಸಿ, ಹಾಗೇ ಬಿಟ್ಟು, ಕೊನೆಗೆ ಮುಚ್ಚಳ ತೆಗೆದರು.

"ಒಟ್ಟು ನಲವತ್ತು ನಿಮಿಷ," ಎಂದರು ತಮ್ಮಲೆ. "ಬೆಂಕಿಯ ಮೇಲೆ ಇದ್ದದ್ದು ಇಪ್ಪತ್ತೇ" ಎಂದು ತಾವಾಗಿ ಸೇರಿಸಿದರು. ಎದ್ದು ಬಂದು ಒಂದು ಅಗುಳನ್ನು ಬೆರಳ ನಡುವೆ ಒತ್ತಿ ನೋಡಿದರು. ಆಮೇಲೆ ಗಂಜಿಯ ಬಟ್ಟಲಿಗೆ ಕೈ ನೀಡಿದರು.

ಭಟ್ಟರ ಹೆಂಡತಿ ಜಗಲಿಯಲ್ಲಿ ಬಾಳೆಎಲೆಯ ತುಂಡು ಹಾಕಿಸಿಕೊಂಡು ಕೂತಾಗ ಉಳಿದವರು ಬಾಯಿ ಬಿಟ್ಟು ನೋಡಿದರು. "ಎಂತ ನೋಡುವುದು? ಬೇಯಿಸಿದ್ದು ನಾನೇ ಅಲ್ವಾ," ಎಂದರು ಅವರು.

ಮೂರು ದಿನ ತಮ್ಮಲೆ ಕುಕ್ಕರಿನ ಮಾತೆತ್ತಲಿಲ್ಲ. ನಾಲ್ಕನೆಯ ದಿನ ಪೇಪರಿನಲ್ಲಿ ಸುತ್ತಿದ್ದನ್ನು ಅಡುಗೆಮನೆಯಲ್ಲಿ ಇಟ್ಟು, "ತಂಗಿಗೆ ಹೊಗೆ ಆಗುವುದಿಲ್ಲ, ಅದಕ್ಕೆ ತಂದದ್ದು" ಎಂದರು. ಕೈಕಾಲು ತೊಳೆದು ಬಂದ ಮೇಲೆ ನನ್ನನ್ನು ಕರೆದರು. "ಕಾಲೇಜಿನ ಫಾರಂ ಎಲ್ಲಿ ಸಿಗ್ತದೆ ಅಂತ ಕೇಳಿಟ್ಟುಕೋ."

ಮೂರು ವರ್ಷ ಆ ಸೀಟಿಯೇ ನನ್ನ ಕಾಲೇಜಿನ ಬೆಲ್ಲು. "ಇಳಿಸಿದಿಯಾ? ಬಸ್ಸು ಹೋಗ್ತದೆ ನೋಡು," ಎಂದು ಬಾಯಮ್ಮ ಗೋಡೆಯಾಚೆಯಿಂದ ಕೂಗುತ್ತಿದ್ದರು. ಅವರು ಮುಂದೆ ಊರಾಚೆಯ ಪಡೀಲಿನವರೆಗೂ ಕುಕ್ಕರ್ ಹೊತ್ತುಕೊಂಡು ಹೋಗಿ ಪಾರ್ಟಿ ಮಾಡಿದರು. ಎಲ್ಲ ಕಡೆಯೂ ಮೊದಲು ಗಂಜಿಯೇ. ತಮ್ಮ ಅಡುಗೆಮನೆಯ ಆ ಕಲೆಗಳಿಗೆ ಮಾತ್ರ ಕೊನೆಯವರೆಗೂ ಸುಣ್ಣ ಹೊಡೆಸಲಿಲ್ಲ. ಬಂದವರಿಗೆ ಬೆರಳು ತೋರಿಸಿ, "ನೀರು ಹೆಚ್ಚಾದರೆ ಹಾಗೆ ಆಗ್ತದೆ" ಎಂದು ಹೇಳುತ್ತಿದ್ದರು. ಅವರು ತೀರಿಕೊಂಡಾಗ ನಾನು ಬೇರೆ ಊರಿನ ಶಾಲೆಯಲ್ಲಿ ಟೀಚರು. ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವರ ಅಡುಗೆಮನೆಯಲ್ಲಿ ತಲೆ ಎತ್ತಿ ನೋಡಿದೆ. ಕಲೆ ಹಾಗೇ ಇತ್ತು. ನನ್ನ ಕ್ಲಾಸಿನಲ್ಲಿ ಯಾವ ಹುಡುಗಿಯನ್ನೂ ನಾನು ಕೈ ಖಾಲಿ ಕೂರಿಸಿದವಳಲ್ಲ. ಅದು ಬಿ.ಎ.ಯಲ್ಲಿ ಕಲಿತದ್ದಲ್ಲ.

ನಮ್ಮ ಕುಟುಂಬದಲ್ಲಿ ಗಂಡು ಹೆಣ್ಣು ಸೇರಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ಮೂರು ವರ್ಷ ಮುಗಿದು ಸರ್ಟಿಫಿಕೇಟು ತಂದ ದಿನ ಅದನ್ನು ತಮ್ಮಲೆಯ ಕೈಗೆ ಕೊಟ್ಟೆ. ಅವರು ಹೆಗಲ ಮೇಲಿನ ಬೈರಾಸಿಗೆ ಎರಡೂ ಕೈ ಒರೆಸಿ ತೆಗೆದುಕೊಂಡರು. ಅವರಿಗೆ ಇಂಗ್ಲಿಷ್ ಓದಲು ಬಾರದು. ಮೇಲಿನಿಂದ ಕೆಳಗೆ ನೋಡಿ, ಅಂಗಳ ದಾಟಿ, ಗೋಡೆಯ ಮೇಲಿನಿಂದ ಅದನ್ನು ಬಾಯಮ್ಮನಿಗೆ ಚಾಚಿದರು.

"ಕೈಯಲ್ಲಿ ಹಿಟ್ಟು ಉಂಟು, ನಾನು ಮುಟ್ಟುವುದಿಲ್ಲ," ಎಂದರು ಬಾಯಮ್ಮ.

"ಹಿಟ್ಟು ತಾಗಿದರೆ ತಾಗಲಿ. ಹಿಡಿದು ಓದಿ."

ಬಾಯಮ್ಮ ನನ್ನ ಹೆಸರಿನಿಂದ ಹಿಡಿದು ಕೊನೆಯ ರುಜುವಿನ ತನಕ ಗಟ್ಟಿಯಾಗಿ ಓದಿದರು. ತಮ್ಮಲೆ ತಲೆ ಬಗ್ಗಿಸಿ ಕೇಳಿಸಿಕೊಂಡರು.

"ಆಗದ ಮಾತು ಅಂತ ಹೇಳಿದವ ನಾನು," ಎಂದರು. "ಅದು ಸಹ ಇದರಲ್ಲಿ ಎಲ್ಲಿಯಾದರೂ ಬರೆದುಂಟಾ, ಸರಿಯಾಗಿ ನೋಡಿ ಬಾಯಮ್ಮ."